ಸಂಸಾರಸ್ಥರ ಬಡಾವಣೆಯಲ್ಲಿ ರೊಟ್ಟಿಯ ಸಪ್ಪಳ

ಬಾಡಿಗೆಮನೆ ನೋಡಲು ಹೋದವರು ಸಾಮಾನ್ಯವಾಗಿ ನಲ್ಲಿ ತಿರುಗಿಸಿ ನೋಡುತ್ತಾರೆ, ಕಿಟಕಿ ತೆರೆದು ಗಾಳಿ ಯಾವ ಕಡೆಯಿಂದ ಬರುತ್ತದೆಂದು ಮುಖವೊಡ್ಡುತ್ತಾರೆ, ಮಳೆಗಾಲದ ಕಲೆಗಳನ್ನು ಹುಡುಕುತ್ತ ಛಾವಣಿಯತ್ತ ಕತ್ತೆತ್ತುತ್ತಾರೆ. ನಮ್ಮ ಅತ್ತೆ ಇದಾವುದನ್ನೂ ಮಾಡುತ್ತಿರಲಿಲ್ಲ. ಅವರು ನೇರವಾಗಿ ಅಡುಗೆಮನೆಗೆ ಹೋಗಿ, ಕಟ್ಟೆಯ ಮೇಲೆ ಅಂಗೈ ಅಗಲಿಸಿ ಎರಡು ಸಲ ಬಡಿಯುತ್ತಿದ್ದರು. ಕಟ್ಟೆ ಗಟ್ಟಿಯಾಗಿ ಮಾರುತ್ತರ ಕೊಟ್ಟರೆ ಆ ಮನೆ ಪಾಸು. ಪೊಳ್ಳು ದನಿ ಬಂದರೆ, ಉಳಿದುದೆಲ್ಲ ಅರಮನೆಯಂತಿದ್ದರೂ ಫೇಲು. ಜೋಳದ ರೊಟ್ಟಿಯನ್ನು ಲಟ್ಟಿಸುವುದಲ್ಲ, ಬಡಿಯುವುದು ಎಂದು ಬಲ್ಲವರಿಗೆ ಈ ಪರೀಕ್ಷೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅರಿಯದವರಿಗಾಗಿ ಹೇಳುತ್ತೇನೆ: ಬಿಸಿನೀರಿನಲ್ಲಿ ನಾದಿದ ಹಿಟ್ಟಿನ ಉಂಡೆಯನ್ನು ಒಣಹಿಟ್ಟು ಹರಡಿದ ಹಲಗೆಯ ಮೇಲಿಟ್ಟು, ಬಲ ಅಂಗೈಯಿಂದ ತಟ್ಟುತ್ತ, ತಟ್ಟಿದಂತೆಲ್ಲ ತಿರುಗಿಸುತ್ತ, ಅದು ಹಂಚಿನಗಲ ಆಗುವವರೆಗೆ ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಅಂಚು ಬಿರಿಯುತ್ತದೆ. ಸಪ್ಪಳವಿಲ್ಲದೆ ರೊಟ್ಟಿಯಿಲ್ಲ.

ಆಗ ನಾವು ವಾಸ್ಕೋದ ಮಂಗೋರ್ ಹಿಲ್‌ನಲ್ಲಿ, ದುಡಿಯಲು ಬಂದ ಕನ್ನಡಿಗರೇ ತುಂಬಿದ ಗುಡ್ಡದ ಮೇಲೆ, ಮೈದುನನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿದ್ದೆವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಯಜಮಾನರಿಗೆ ಮಾಂಡೋವಿ ನದಿಯ ಆಚೆ ದಡದಲ್ಲಿ, ಬೆತಿಂ ಹತ್ತಿರದ ಬಾರ್ಜು ರಿಪೇರಿಯ ಯಾರ್ಡಿನಲ್ಲಿ ಕೆಲಸ. ನನಗೆ ಪಣಜಿಯ ವಿಮಾ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ. ಇಬ್ಬರೂ ಬೆಳಕು ಹರಿಯುವ ಮುನ್ನ ಗುಡ್ಡ ಇಳಿದು, ವಾಸ್ಕೋದ ಸ್ಟ್ಯಾಂಡಿನಲ್ಲಿ ಬಸ್ಸು ಹಿಡಿದು, ಜುವಾರಿಯ ಸೇತುವೆ ದಾಟಿ, ಕಂಬಿಗೆ ಜೋತುಬಿದ್ದ ಕೈ ಮರಗಟ್ಟಿದ ಮೇಲೆ ಪಣಜಿ ಸೇರುತ್ತಿದ್ದೆವು. ನಾವು ಹೊರಡುವಾಗ ಮಗಳು ವಿದ್ಯಾ ಮಲಗಿರುತ್ತಿದ್ದಳು. ತಿರುಗಿ ಬಂದಾಗಲೂ ಮಲಗಿರುತ್ತಿದ್ದಳು. ಒಮ್ಮೆ ರಜೆಯ ದಿನ ಅವಳು ಅಜ್ಜಿಯನ್ನು, "ಆಯಿ, ಇವತ್ತ ಇವ್ರು ಯಾಕ ಹೋಗಿಲ್ಲ?" ಎಂದು ನಮ್ಮತ್ತ ಬೆರಳು ಮಾಡಿ ಕೇಳಿದಳು. ಅಂದೇ ನಿರ್ಧರಿಸಿದೆವು: ಪಣಜಿಗೆ ಹತ್ತಿರ, ಆದರೆ ಪಣಜಿಯ ಬಾಡಿಗೆ ಇಲ್ಲದ ಕಡೆ, ಶಾಲೆ ಇರುವ ಕಡೆ, ಸಂಸಾರಸ್ಥರು ಇರುವ ಕಡೆ ಒಂದು ಮನೆ ಮಾಡಬೇಕು.

ಸಂಸಾರಸ್ಥರು ಎಂಬ ಆ ಮಾತಿನ ಮೇಲೆಯೇ ನನಗೆ ಸಿಟ್ಟಿದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ನೀವು ಸಿಟ್ಟಿನಿಂದ ಬರೆದದ್ದೆಂದು ತಿಳಿದೇ ಓದಿ. ಆದರೆ ಕಂಡದ್ದನ್ನಷ್ಟೇ ಬರೆಯುತ್ತೇನೆ, ಕಾಣದ್ದನ್ನು ಕಂಡಿಲ್ಲವೆನ್ನುತ್ತೇನೆ.

ಭಾನುವಾರಗಳಲ್ಲಿ ಮನೆ ಹುಡುಕಿದೆವು. ತಾಳಗಾಂವ, ಸಾಂತಾಕ್ರೂಜ್, ಮೆರ್ಶೆ. ಹೊಲಗದ್ದೆಗಳ ಅಂಚಿನಲ್ಲಿ ಹೊಸ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಎಲ್ಲೆಡೆ ಒಂದೇ ಪ್ರಶ್ನೆ ಮೊದಲು ಬರುತ್ತಿತ್ತು: ಫ್ಯಾಮಿಲಿ ಇದೆಯೇ? ಇದೆ ಎಂದು ನಾವು ಸಂತೋಷದಿಂದ ಹೇಳುತ್ತಿದ್ದೆವು. ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗುವ ಮಗಳು. ಇದಕ್ಕಿಂತ ಹೆಚ್ಚಿನ ಫ್ಯಾಮಿಲಿಯನ್ನು ಎಲ್ಲಿಂದ ತರುವುದು? ಎರಡನೆಯ ಪ್ರಶ್ನೆ, "ತುಮಿ ಖಂಯ್ಚೆ?" ನೀವು ಎಲ್ಲಿಯವರು ಎಂದು. ಧಾರವಾಡ ಎಂದೊಡನೆ ಅವರ ಮುಖದಲ್ಲಿ ಏನೂ ಬದಲಾಗುತ್ತಿರಲಿಲ್ಲ, ಕೈಯಲ್ಲಿದ್ದ ಬೀಗದ ಕೈ ಮಾತ್ರ ಜೇಬಿಗೆ ಹೋಗುತ್ತಿತ್ತು. ಸಾಂತಾಕ್ರೂಜಿನಲ್ಲಿ ಒಬ್ಬ ಮನೆಯಾಕೆ ಬಹಳ ವಿನಯದಿಂದ, ಮನೆಯನ್ನು ನಿನ್ನೆಯೇ ಬೇರೆಯವರಿಗೆ ಕೊಟ್ಟಾಯಿತೆಂದರು. ನಾವು ಮೆಟ್ಟಿಲಿಳಿಯುತ್ತಿದ್ದಂತೆ ಒಳಗಿನಿಂದ ಯಾರೋ ಗಂಡಸು ಕೇಳಿದ್ದು, ಆಕೆ ಉತ್ತರಿಸಿದ್ದು ಕಿವಿಗೆ ಬಿತ್ತು. ಉತ್ತರದಲ್ಲಿ ಒಂದೇ ಶಬ್ದ: "ಘಾಟಿ."

ಘಟ್ಟದ ಮೇಲಿನವರು ಎಂಬುದಷ್ಟೇ ಆ ಶಬ್ದದ ಅರ್ಥ. ಘಟ್ಟದ ಮೇಲಿನಿಂದ ಬರುವ ತರಕಾರಿಯನ್ನು ಇಡೀ ಗೋವೆ ಉಣ್ಣುತ್ತದೆ, ಹಾಲನ್ನು ಕುಡಿಯುತ್ತದೆ. ಮನುಷ್ಯರಿಗೆ ಹಚ್ಚಿದಾಗ ಮಾತ್ರ ಅದು ಬೈಗುಳ. ಅತ್ತೆಗೆ ಕೊಂಕಣಿ ಬಾರದು, ಆದರೆ ಈ ಒಂದು ಪದ ಬರುತ್ತಿತ್ತು. "ಅಕೀ ಏನ್ ಸುಳ್ಳ ಹೇಳಿಲ್ಲ ಬಿಡು, ಘಟ್ಟದ ಮ್ಯಾಲಿನವ್ರ ಅದೀವಿ" ಎಂದು ನಕ್ಕರು. "ಆದ್ರ ಹೇಳಿದ್ದು ಯಾಕ ಬೆನ್ನಿಗೆ? ಮುಖಕ್ಕ ಹೇಳಿದ್ರ ನಾನೂ ಅಕೀಗೆ ಘಟ್ಟದ ಕೆಳಗಿನಾಕಿ ಅಂತಿದ್ದೆ. ಲೆಕ್ಕ ಚುಕ್ತಾ ಆಗತಿತ್ತು."

ಕೊನೆಗೆ ಮನೆ ಸಿಕ್ಕಿದ್ದು ಪರ್ವರಿಯಲ್ಲಿ, ನದಿಯ ಆಚೆಯ ಬಯಲುಗುಡ್ಡದ ಮೇಲೆ. ಸಿಕ್ಕಿದ್ದಕ್ಕೆ ಕಾರಣ ನಮ್ಮ ಸಂಸಾರವಲ್ಲ, ಬಿದ್ದುಹೋದ ಸೇತುವೆ. ಪಣಜಿಗೂ ಆಚೆ ದಡಕ್ಕೂ ನಡುವೆ ಇದ್ದ ಸೇತುವೆ ಕುಸಿದು, ಹೊಸದು ಇನ್ನೂ ಏಳದೆ ಇದ್ದ ವರ್ಷಗಳು ಅವು. ಜನ ಫೆರ್ರಿಯಲ್ಲಿ ದಾಟಬೇಕಿತ್ತು. ಅನುಕೂಲವಿದ್ದವರು ಈಚೆ, ಪಣಜಿಯ ದಡಕ್ಕೆ ಬಂದರು. ಪರ್ವರಿಯಲ್ಲಿ ಫ್ಲ್ಯಾಟುಗಳು ಖಾಲಿ ಉಳಿದವು. ಮಾಪುಸಾದಲ್ಲಿದ್ದ ಮಾಲೀಕರಿಗೆ ನಮ್ಮ ಊರಿಗಿಂತ ನಮ್ಮ ಬಾಡಿಗೆ ಮುಖ್ಯವಾಯಿತು. ಅತ್ತೆ ಅಡುಗೆಕಟ್ಟೆಯನ್ನು ಬಡಿದು ನೋಡಿ, "ಚಲೋ ಐತಿ, ಹಿಡೀರಿ" ಎಂದರು.

ನಿಜ ಹೇಳುತ್ತೇನೆ, ಆ ಮನೆ ನಮಗೆ ಒಗ್ಗಿತು. ಬಸ್ಸು ಇಳಿಜಾರಿನಲ್ಲಿ ಬೆತಿಂಗೆ ಇಳಿಯುತ್ತಿತ್ತು. ಯಜಮಾನರು ಅಲ್ಲೇ ಯಾರ್ಡಿನತ್ತ ತಿರುಗುತ್ತಿದ್ದರು. ನಾನು ಫೆರ್ರಿ ಹತ್ತುತ್ತಿದ್ದೆ. ಸ್ಕೂಟರುಗಳು, ಮೀನಿನ ಬುಟ್ಟಿಗಳು, ಕಚೇರಿಯ ಇಸ್ತ್ರಿ ಅಂಗಿಗಳು, ಎಲ್ಲ ಒಂದೇ ತಗಡಿನ ನೆಲದ ಮೇಲೆ ಮೈಗೆ ಮೈ ತಾಗಿ ನಿಲ್ಲುತ್ತಿದ್ದವು. ಅದಿರು ತುಂಬಿದ ಬಾರ್ಜುಗಳು ಎದುರಿಗೆ ಹಾದುಹೋದರೆ ನಮ್ಮ ದೋಣಿ ನಿಂತು ದಾರಿ ಬಿಡುತ್ತಿತ್ತು. ಜನ ಗೊಣಗುತ್ತಿದ್ದರು, ನಾನು ಗೊಣಗಲಿಲ್ಲ. ಬಸ್ಸಿನ ಕಂಬಿಗೆ ಜೋತುಬಿದ್ದವಳಿಗೆ ನೀರಿನ ಮೇಲಿನ ಗಾಳಿ ಸಿಕ್ಕಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದೆ. ವಿದ್ಯಾಳಿಗೆ ಹತ್ತಿರದ ಶಾಲೆಯಲ್ಲಿ ಸೀಟು ಸಿಕ್ಕಿತು, ಅವಳು ಪುಸ್ತಕ ಬಿಡಿಸಿ ನನ್ನೆದುರು ಕೂರತೊಡಗಿದಳು. ಮನುಷ್ಯ ಊರ ಹೊರಗೆ ಮನೆ ಮಾಡುವುದು ಇಷ್ಟಕ್ಕೇ ಅಲ್ಲವೇ?

ಮೊದಲ ದೂರು ಬಂದದ್ದು ಮೇ ತಿಂಗಳಿನ ಒಂದು ಸಂಜೆ. ಕಟ್ಟಡದ ಸೊಸೈಟಿಯ ಕಾರ್ಯದರ್ಶಿ, ಸರಕಾರಿ ನೌಕರಿಯಿಂದ ನಿವೃತ್ತರಾದ ಸೌಮ್ಯ ಮುಖದ ಹಿರಿಯರು, ಬಾಗಿಲಲ್ಲೇ ನಿಂತು ಹಿಂದಿಯಲ್ಲಿ ಕೇಳಿದರು: "ಸವೇರೆ ಸವೇರೆ ಆಪ್ ಲೋಗ್ ಕ್ಯಾ ಠೋಕ್ತೇ ಹೈಂ?" ನಸುಕಿನಲ್ಲಿ ಏನನ್ನು ಬಡಿಯುತ್ತೀರಿ ಎಂದು. ರೊಟ್ಟಿ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅತ್ತೆ ಹಲಗೆಯನ್ನೂ ಹಿಟ್ಟಿನ ಡಬ್ಬಿಯನ್ನೂ ತಂದು ತೋರಿಸಿ, ಗಾಳಿಯಲ್ಲಿ ಬಡಿದು ತೋರಿಸಿದರು. ಅವರು ತಲೆದೂಗಿ, ಯಾರೋ ಹೇಳಿದರು, ಸ್ವಲ್ಪ ನೋಡಿಕೊಳ್ಳಿ, ಇದು ಸಂಸಾರಸ್ಥರ ಕಾಲನಿ ಎಂದು ಹೇಳಿ ಹೋದರು. ಯಾರು ಎಂದು ಹೇಳಲಿಲ್ಲ.

ಆ ಕಟ್ಟಡದಲ್ಲಿ ಕೇಳುತ್ತಿದ್ದ ಇತರ ಸಪ್ಪಳಗಳನ್ನು ನಾನು ಅಂದಿನಿಂದ ಗಮನಿಸತೊಡಗಿದೆ. ನೀರೆತ್ತುವ ಮೋಟಾರು ನಸುಕಿನಲ್ಲೇ ಗುರುಗುಟ್ಟುತ್ತಿತ್ತು. ಎದುರುಮನೆಯ ಸ್ಕೂಟರನ್ನು ಅದರ ಧಣಿ ಒದ್ದು ಒದ್ದು ಎಬ್ಬಿಸುತ್ತಿದ್ದ. ಮಿಕ್ಸರುಗಳು ಮೀನುಸಾರಿಗೆ ತೆಂಗಿನಕಾಯಿ ಅರೆಯುತ್ತ ಅರಚುತ್ತಿದ್ದವು, ಕುಕ್ಕರುಗಳು ಸೀಟಿ ಹೊಡೆಯುತ್ತಿದ್ದವು, ಭಾನುವಾರ ಬೆಳಿಗ್ಗೆ ಎಲ್ಲ ಮನೆಗಳ ಟೀವಿಗಳೂ ಒಂದೇ ಸಂಭಾಷಣೆಯನ್ನು ಒಮ್ಮೆಲೇ ನುಡಿಯುತ್ತಿದ್ದವು. ಇವೆಲ್ಲ ಸಂಸಾರದ ಸಪ್ಪಳಗಳು. ಒಬ್ಬ ಮುದುಕಿಯ ಅಂಗೈ ಹಿಟ್ಟಿಗೆ ತಾಗುವುದು ಮಾತ್ರ ಗದ್ದಲ. ಶಬ್ದದ ಗಾತ್ರದಿಂದ ಗದ್ದಲವಾಗುವುದಿಲ್ಲ, ಅದು ಯಾರ ಕೈಯಿಂದ ಹುಟ್ಟಿತು ಎಂಬುದರಿಂದ ಆಗುತ್ತದೆ ಎಂಬುದನ್ನು ನಾನು ಪರ್ವರಿಯಲ್ಲಿ ಕಲಿತೆ.

ಅತ್ತೆಗೆ ಮಾತ್ರ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. "ತಪ್ಪು ನಮ್ಮದ ಐತಿ ಸುಶೀಲಾ" ಎಂದರು. ಅವರ ಲೆಕ್ಕವೇ ಬೇರೆ. ನಮ್ಮ ಕಡೆ ರೊಟ್ಟಿಯ ಸಪ್ಪಳ ಯಾರ ಕಿವಿಗೆ ಬೀಳುತ್ತದೆಯೋ ಅವರಿಗೆ ಆ ರೊಟ್ಟಿಯ ಮೇಲೆ ಒಂದಿಷ್ಟು ಹಕ್ಕು ಹುಟ್ಟುತ್ತದೆ, ಪಕ್ಕದ ಮನೆಯವಳು, "ಭಾಳ ಹೊತ್ತ ಬಡ್ಯಾಕತ್ತಿದ್ದಿ, ಯಾರ ಬಂದಾರ?" ಎಂದು ಗೋಡೆಯ ಮೇಲಿನಿಂದಲೇ ಕೈ ಚಾಚುತ್ತಾಳೆ. ಇವರು ತಿಂಗಳುಗಟ್ಟಲೆ ಸಪ್ಪಳವನ್ನಷ್ಟೇ ಕೇಳಿದ್ದಾರೆ, ರೊಟ್ಟಿ ಕಂಡಿಲ್ಲ. ಬೇಜಾರಾಗದೆ ಏನು ಮಾಡುತ್ತಾರೆ? "ಶ್ರಾವಣ ಬರ್ಲಿ, ಎಲ್ಲಾರ ಮನಿಗೂ ಮುಟ್ಟಸೋಣು" ಎಂದು ಅವರು ತೀರ್ಮಾನಿಸಿದರು. ನನಗೂ ಅದು ಸರಿಯೆನ್ನಿಸಿತು. ಘಟ್ಟದ ಮೇಲಿನವರಲ್ಲದೆ ಇನ್ನಾರೂ ಇಂಥ ತಪ್ಪು ಮಾಡಲಾರರು.

ಕೆಳಮನೆಯವರ ಬಗ್ಗೆ ಇಲ್ಲಿ ಹೇಳಬೇಕು. ಅವರ ಹೆಸರು ಬರೆಯುವುದಿಲ್ಲ. ನಮ್ಮ ಅಡುಗೆಮನೆಯ ನೇರ ಕೆಳಗೆ ಅವರ ಅಡುಗೆಮನೆ. ಪಣಜಿಯ ಪೇಟೆಯಲ್ಲಿ ಅವರಿಗೆ ಬಟ್ಟೆಯಂಗಡಿ. ಹೊರಗೆ ಕೊಂಕಣಿ, ಮನೆಯಲ್ಲಿ ಮರಾಠಿ. ಆದರೆ ನಾವು ಆ ಮನೆಗೆ ಬಂದ ವಾರದಲ್ಲೇ ಅತ್ತೆ ಕಿಟಕಿಯಲ್ಲಿ ಮೂಗೆತ್ತಿ ನಿಂತು, "ಇವ್ರು ನಮ್ಮ ಕಡಿಯಾವ್ರ" ಎಂದಿದ್ದರು. ಕೆಳಗೆ ನಮ್ಮ ಕಡೆಯ ಚಟ್ನಿಪುಡಿಗೆ ಗುರೆಳ್ಳು ಹುರಿಯುತ್ತಿದ್ದರು. "ಬಾಯಿ ಏನರ ಹೇಳ್ಲಿ, ಹಂಚು ಸುಳ್ಳ ಹೇಳಂಗಿಲ್ಲ." ಬೆಳಗಾವಿ ಕಡೆಯವರ ಬಾಯಲ್ಲಿ ಎರಡು ಭಾಷೆ ಇರುವುದು ಸಹಜ, ಮರಾಠಿ ಮಾತಾಡುವುದು ಅಪರಾಧವಲ್ಲ. ಅಷ್ಟಕ್ಕೇ ಆಗಿದ್ದರೆ ನಾನು ಈ ಮಾತು ಎತ್ತುತ್ತಲೇ ಇರಲಿಲ್ಲ. ಆದರೆ ಒಂದು ದಿನ ಊಟದ ಬಿಡುವಿನಲ್ಲಿ ಅವರ ಅಂಗಡಿಯ ಮುಂದೆ ಹಾದುಹೋಗುವಾಗ, ಕಟ್ಟಡ ಕೆಲಸದ ಇಬ್ಬರು ಹೆಂಗಸರು ಸೀರೆ ಬಿಡಿಸಿ ಚೌಕಾಸಿ ಮಾಡುತ್ತಿದ್ದರು, ಈ ಮಹಾಶಯರು ಗಾದಿಯ ಮೇಲಿನಿಂದ ಹೇಳುತ್ತಿದ್ದರು: "ಒಯ್ಯೂದಿದ್ರ ಒಯ್ಯವ್ವಾ, ಇಲ್ಲಾಂದ್ರ ಮಡಚಿ ಘಳಗಿ ಹಾಕಿ ಇಡು. ನಿಮ್ಮೂರ ಸಂತ್ಯಾಗ ಇಂಥಾ ಪತ್ತಲ ಕಂಡಿಯೇನು?" ಅಪ್ಪಟ ನಮ್ಮ ಮಾತು. ನಾನು ನಿಂತು ಕೇಳಿದೆ. ಆಮೇಲೆ ದಿನವೂ ಮೆಟ್ಟಿಲ ಮೇಲೆ ಭೇಟಿಯಾದಾಗ ಅವರು ಮರಾಠಿಯಲ್ಲಿ ನಮಸ್ಕಾರ ಹೇಳುತ್ತಿದ್ದರು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ನಾವಿಬ್ಬರೂ ಅಲ್ಲಿಗೆ ಬಿಡುತ್ತಿದ್ದೆವು.

ಶ್ರಾವಣ ಬಂತು. ನಾಗರಪಂಚಮಿಗೆ ಮುಂಚೆ ನಮ್ಮಲ್ಲಿ ರೊಟ್ಟಿಹಬ್ಬವಿರುತ್ತದೆ. ಒಬ್ಬರ ಮನೆಯ ರೊಟ್ಟಿ, ಪಲ್ಯ, ಚಟ್ನಿ ಇನ್ನೊಬ್ಬರ ಮನೆಗೆ ಹೋಗುತ್ತದೆ, ಅವರ ಮನೆಯದು ಇಲ್ಲಿಗೆ ಬರುತ್ತದೆ. ಜಾತಿ ಕೇಳುವುದಿಲ್ಲ, ಜಗಳವಿದ್ದರೂ ಆ ದಿನ ತಟ್ಟೆ ತಪ್ಪುವುದಿಲ್ಲ, ಕೊಟ್ಟ ತಟ್ಟೆ ಬರಿದಾಗಿ ಹಿಂತಿರುಗುವುದಿಲ್ಲ. ಅತ್ತೆ ವಾರದ ಮುಂಚಿನಿಂದ ಎಳ್ಳು ಹಚ್ಚಿದ ರೊಟ್ಟಿಗಳನ್ನು ಬಡಿದು, ಹಂಚಿನ ಮೇಲೆ ಗರಿಗರಿಯಾಗುವವರೆಗೆ ಒಣಗಿಸಿ, ಬಿಳಿಯ ಧೋತರದಲ್ಲಿ ಕಟ್ಟಿಟ್ಟರು. ಮಳೆಯಲ್ಲಿ ಕಡಕ್ ರೊಟ್ಟಿ ಮೆತ್ತಗಾಗದಂತೆ ಕಾಯುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. ನಾನು ಅರ್ಧ ದಿನ ರಜೆ ಹಾಕಿ, ಸೆರಗು ಹೊದ್ದ ಅತ್ತೆಯ ಹಿಂದೆ ತಟ್ಟೆಗಳನ್ನು ಹಿಡಿದು ಮನೆಮನೆಗೆ ಹೋದೆ. ಮಡಿಕೆಕಾಳಿನ ಪಲ್ಯ, ಎಣಗಾಯಿ, ಶೇಂಗಾ ಚಟ್ನಿ, ಮೇಲೊಂದು ಬೆಣ್ಣೆಯ ಉಂಡೆ.

ಕೆಲವರು ಬಾಗಿಲಿನ ಸರಪಳಿ ತೆಗೆಯದೆಯೇ ಬೇಡವೆಂದರು. ಏನನ್ನೋ ಮಾರಲು ಬಂದಿದ್ದೇವೆಂದು ತಿಳಿದಿರಬೇಕು. ಕೆಲವರು ಗಲಿಬಿಲಿಯಿಂದ ತೆಗೆದುಕೊಂಡರು. ನೆಲಮಹಡಿಯ ನಿವೃತ್ತ ಶಿಕ್ಷಕಿ ಮಾರಿಯಾ ಟೀಚರ್ ರೊಟ್ಟಿಯ ತುಂಡು ಮುರಿದು ಅಲ್ಲೇ ಕಡಿದು, "ಬಿಸ್ಕೀಟ್ ಮರೇ" ಎಂದು ನಕ್ಕರು. ಕೆಳಮನೆಯಲ್ಲಿ ಗಂಡ ಇರಲಿಲ್ಲ. ಹೆಂಡತಿ ಬಾಗಿಲು ತೆರೆದರು. ತಟ್ಟೆ ಕಂಡೊಡನೆ ಆಕೆಯ ಕೈ ತಾನಾಗಿ ಸೆರಗಿಗೆ ಹೋಗಿ, ಸೆರಗು ತಲೆಗೇರಿತು. ಅದು ಯಾವ ದಿನವೆಂದು ಆಕೆಗೆ ಗೊತ್ತಿತ್ತು. "ಕಶಾಲಾ ಎವ್ಢಂ" ಎಂದರು ಮರಾಠಿಯಲ್ಲಿ, ಇಷ್ಟೆಲ್ಲ ಏಕೆ ಎಂದು. ಅತ್ತೆ ಕನ್ನಡದಲ್ಲಿ, "ತಿನ್ನಾಕ, ತಾಯಿ" ಎಂದರು.

ಮರುದಿನ ಬೆಳಿಗ್ಗೆ ಬಸ್ಸಿಗೆಂದು ಇಳಿದಾಗ ನಾನು ಕಂಡದ್ದು ಇಷ್ಟು. ಕಾಂಪೌಂಡಿನ ಮೂಲೆಯಲ್ಲಿ ಕಸ ಚೆಲ್ಲುವ ಕಡೆ ರೊಟ್ಟಿಗಳು ಬಿದ್ದಿದ್ದವು. ಮಳೆಗೆ ನೆನೆದು ಮತ್ತೆ ಹಿಟ್ಟಾಗಿದ್ದವು. ಎಳ್ಳು ಮಾತ್ರ ಎಳ್ಳಾಗಿಯೇ ಉಳಿದು, ನೀರು ಹರಿದ ಗೆರೆಯಲ್ಲಿ ಸಾಲಾಗಿ ನಿಂತಿತ್ತು. ಯಾರ ಮನೆಯವು ಎಂದು ನನಗೆ ಗೊತ್ತಿಲ್ಲ, ಹೇಳುವುದೂ ಇಲ್ಲ. ನಾನು ಕೊಡೆ ಹಿಡಿದು ಅಲ್ಲೇ ನಿಂತೆ. ಮಾಡಿದ ಅನ್ನವನ್ನು ಬೇಡವೆನ್ನುವ ಹಕ್ಕು ಯಾರಿಗೂ ಇದೆ. ಬಾಗಿಲಲ್ಲಿ ಬೇಡವೆಂದವರ ಮೇಲೆ ನನಗೆ ಸಿಟ್ಟಿಲ್ಲ. ನಗುತ್ತ ತೆಗೆದುಕೊಂಡು, ಕತ್ತಲಾಗುವವರೆಗೆ ಕಾದು, ಮಾಡಿದವಳು ಕಸ ಚೆಲ್ಲಲು ಬರುವ ಜಾಗದಲ್ಲೇ ಎಸೆದವರು ಯಾರೋ, ಅವರ ಮೇಲೆ ಇದೆ. ಇಂದಿಗೂ ಇದೆ. ಛತ್ರಿಯ ತುದಿಯಿಂದ ಅವನ್ನು ಮಣ್ಣಿನತ್ತ ದೂಡಿ, ಮೇಲೆ ಎಲೆಗಳನ್ನು ಎಳೆದು, ಫೆರ್ರಿಗೆ ಹೋದೆ.

ತಟ್ಟೆಗಳು ವಾರವಿಡೀ ಒಂದೊಂದಾಗಿ ಹಿಂತಿರುಗಿದವು. ತೊಳೆದು, ಒರೆಸಿ, ಬರಿದು. ಕೆಲವನ್ನು ಬಾಗಿಲ ಹೊರಗಿಟ್ಟು ಗಂಟೆ ಒತ್ತಿ ಹೋಗಿದ್ದರು. ಮಾರಿಯಾ ಟೀಚರ್ ಒಬ್ಬರೇ ಅರಿಶಿನದ ಎಲೆಯಲ್ಲಿ ಬೇಯಿಸಿದ ಸಿಹಿ ಕಡುಬುಗಳನ್ನು ತುಂಬಿ ತಂದುಕೊಟ್ಟರು. ಅತ್ತೆ ಒಂದೊಂದೇ ಬರಿದಾದ ತಟ್ಟೆಯನ್ನು ತಿರುವಿ ನೋಡಿ ಕಪಾಟಿನಲ್ಲಿಡುತ್ತ, "ಇವ್ರಿಗೆ ರೂಢಿ ಇಲ್ಲ, ಅಷ್ಟ" ಎನ್ನುತ್ತಿದ್ದರು. ಕೆಳಮನೆಯ ತಟ್ಟೆ ಬರಲೇ ಇಲ್ಲ.

ಆ ಭಾನುವಾರ ಸೊಸೈಟಿಯ ಸಭೆ, ಕಟ್ಟಡದ ಕೆಳಗೆ ಸ್ಕೂಟರು ನಿಲ್ಲಿಸುವ ಜಾಗದಲ್ಲಿ. ಯಜಮಾನರಿಗೆ ಯಾರ್ಡಿನಲ್ಲಿ ತುರ್ತು ಕೆಲಸವಿತ್ತು. ನಾನು ಹೋದೆ, ಜೊತೆಗೆ ಅತ್ತೆಯೂ ಬಂದರು. ನೀರಿನ ಮೋಟಾರಿನ ಮಾತು ಮುಗಿದ ಮೇಲೆ ಕಾರ್ಯದರ್ಶಿಗಳು ಗಂಟಲು ಸರಿಪಡಿಸಿಕೊಂಡು, ಇನ್ನೊಂದು ಸಣ್ಣ ವಿಷಯ ಎಂದರು. ಎದ್ದುನಿಂತವರು ಕೆಳಮನೆಯವರು. ಅಚ್ಚ ಕೊಂಕಣಿಯಲ್ಲಿ, ಒಂದೂ ಕೆಟ್ಟ ಮಾತಿಲ್ಲದೆ ಹೇಳಿದರು: ನಾವೆಲ್ಲ ನೆಮ್ಮದಿಗಾಗಿ ಇಲ್ಲಿ ಮನೆ ಮಾಡಿದವರು. ನಸುಕಿನಲ್ಲಿ ತಲೆಯ ಮೇಲೆ ಬಡಿತ. ಈಗ ಮನೆಮನೆಗೆ ತಿಂಡಿ ಹಂಚುವುದು ಬೇರೆ ಶುರುವಾಗಿದೆ. ಘಾಟಿ ಜನರ ಪದ್ಧತಿ ನಿಮಗೆ ಗೊತ್ತಿಲ್ಲ. ಇವತ್ತು ಒಬ್ಬರು, ನಾಳೆ ಹಿಂದೆಯೇ ಇಡೀ ಮಂಗೋರ್ ಹಿಲ್ ಬರುತ್ತದೆ.

ಅತ್ತೆ, "ಏನಂತಾನ?" ಎಂದು ಕೇಳಿದರು. ರೊಟ್ಟಿ ಬಡಿಯುವ ಸಪ್ಪಳ ಬೇಡವಂತೆ ಎಂದಷ್ಟೇ ಹೇಳಿದೆ. ಅವರು ಕುಳಿತಲ್ಲಿಂದಲೇ, ಊರ ಕಟ್ಟೆಯ ಮೇಲೆ ತಮ್ಮನನ್ನು ಮಾತಾಡಿಸುವಂತೆ, ಅವರತ್ತ ತಿರುಗಿ ಕೇಳಿದರು:

"ತಮ್ಮಾ, ನಿಮ್ಮವ್ವ ರೊಟ್ಟಿ ಬಡೀವಾಗ ಓಣಿ ಮಂದಿ ಕಿವಿ ಮುಚಗೊಂಡು ಕುಂಡ್ರತಿದ್ರೇನು?"

ಅವರ ರೆಪ್ಪೆ ಒಮ್ಮೆ ಅಲುಗಿತು. ಅತ್ತೆಯನ್ನು ನೋಡಲಿಲ್ಲ. ಕಾರ್ಯದರ್ಶಿಗಳತ್ತ ತಿರುಗಿ, "ತಿ ಕಿತೆಂ ಮ್ಹಣ್ಟಾ? ಮ್ಹಾಕಾ ಕಳ್ನಾ" ಎಂದರು. ಆಕೆ ಏನನ್ನುತ್ತಾಳೆ, ನನಗೆ ತಿಳಿಯದು.

"ಅಂಗಡ್ಯಾಗ ತಿಳೀತೈತಲ್ರಿ" ಎಂದೆ ನಾನು, ಎದ್ದು ನಿಂತು. "ಪತ್ತಲ ಮಾರುಮುಂದ ಭಾಳ ಚಲೋ ತಿಳೀತೈತಿ."

ಬೇರೆ ಯಾರಿಗೂ ಅರ್ಥವಾಗಲಿಲ್ಲ, ಅರ್ಥವಾದ ಇಬ್ಬರಲ್ಲಿ ಒಬ್ಬರು ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು, ಮಹಡಿಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಒಳಗೆ ಹೋದರು. ಕಾರ್ಯದರ್ಶಿಗಳು ಶಾಂತಿಪ್ರಿಯರು. ಯಾರಿಗೂ ನೋವಾಗದ ಒಂದು ದಾರಿ ಕಂಡುಹಿಡಿದರು: ಬೆಳಿಗ್ಗೆ ಎಂಟರ ನಂತರ ಬಡಿಯಬಹುದು. ಎಲ್ಲರೂ ಒಪ್ಪಿದರು. ಮಾರಿಯಾ ಟೀಚರ್ ಮಾತ್ರ, ಎಂಟರ ನಂತರ ಬಡಿದ ರೊಟ್ಟಿಯನ್ನು ಏಳರ ಫೆರ್ರಿಯಲ್ಲಿ ಹೋಗುವವರು ಹೇಗೆ ತಿನ್ನುವುದು ಎಂದು ಕೇಳಿದರು. ಕಾರ್ಯದರ್ಶಿಗಳು ನಿಯಮವನ್ನು ಪುಸ್ತಕದಲ್ಲಿ ಬರೆದುಕೊಂಡರು. ಯಾವ ಜಾತಿಯ, ಯಾವ ಊರಿನ ಹೆಸರನ್ನೂ ಎತ್ತದ ನಿಯಮ ಅದು. ಗಡಿಯಾರದ ಹೆಸರನ್ನಷ್ಟೇ ಎತ್ತಿತ್ತು. ನಮ್ಮೊಬ್ಬರಿಗೇ ತಾಗಿತು.

ಸ್ನೇಹಿತರೇ, ಆ ಕಟ್ಟಡವನ್ನು ಕಟ್ಟಿದವರು ಯಾರೆಂದು ಯೋಚಿಸಿ. ಗೋವೆಯಲ್ಲಿ ಆ ವರ್ಷಗಳಲ್ಲಿ ಎದ್ದ ಯಾವ ಬಡಾವಣೆಗೆ ಬೇಕಾದರೂ ಹೋಗಿ. ಬಾಗಲಕೋಟೆ, ವಿಜಾಪುರ, ಗದಗಿನ ಕಡೆಯ ಗಂಡುಹೆಣ್ಣುಗಳು ಕಲ್ಲು ಹೊತ್ತಿರುತ್ತಾರೆ. ಕಟ್ಟಡ ಮುಗಿಯುವವರೆಗೆ ಬಾಗಿಲಿಲ್ಲದ ಆ ಕೋಣೆಗಳಲ್ಲೇ ಅವರು ಮಲಗುತ್ತಾರೆ, ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಹಾಗಿದ್ದರೆ ಆ ಗೋಡೆಗಳು ಮೊಟ್ಟಮೊದಲು ಕೇಳಿದ ಅಡುಗೆಯ ಸಪ್ಪಳ ಯಾವುದು? ಮಿಕ್ಸರಿನದಲ್ಲ, ಕುಕ್ಕರಿನದಲ್ಲ. ಸುಣ್ಣಬಣ್ಣ ಬಳಿದು, ಬಾಗಿಲು ನಿಲ್ಲಿಸಿ, ಹೆಸರಿನ ಫಲಕ ಹಚ್ಚಿದ ಮೇಲೆ ಅದೇ ಸಪ್ಪಳಕ್ಕೆ ಒಳಗೆ ಜಾಗವಿಲ್ಲ. ಕಟ್ಟುವಾಗ ಕೂಲಿ, ಮುಗಿದ ಮೇಲೆ ಘಾಟಿ. ಈ ಅನ್ಯಾಯಕ್ಕೆ ಬೇರೆಯವರನ್ನಷ್ಟೇ ಬೈದು ಮುಗಿಸಬಹುದಿತ್ತು. ಕೆಳಮನೆಯವರು ಆ ಅನುಕೂಲವನ್ನೂ ಕಸಿದುಕೊಂಡರು. ಅವರಿಗೆ ಭಯವಿತ್ತು ಎಂದು ನನಗೆ ಈಗ ಗೊತ್ತು. ಮೇಲಿನಿಂದ ಇಳಿಯುತ್ತಿದ್ದ ಆ ಸಪ್ಪಳ ತಮ್ಮನ್ನೇ ಹೆಸರು ಹಿಡಿದು ಕರೆಯುವಂತೆ ಅವರಿಗೆ ಕೇಳಿಸುತ್ತಿದ್ದಿರಬೇಕು. ಭಯ ಅರ್ಥವಾಗುತ್ತದೆ. ಕ್ಷಮೆ ಬರುವುದಿಲ್ಲ.

ಸಂಜೆ ಅತ್ತೆ ತಮ್ಮ ಚೀಲ ಕಟ್ಟಿದರು. ಎರಡು ಸೀರೆ, ಹಾಸಿಗೆಯ ಚಾದರ, ರೊಟ್ಟಿಯ ಹಲಗೆ.

"ನಾ ಮಂಗೋರ್ ಹಿಲ್‌ಗ ಹೋಗ್ತೇನಿ. ಸಣ್ಣಾಂವನ ಮನ್ಯಾಗ ಇರ್ತೇನಿ. ಅಲ್ಲೇ ಬಡದು ಇಡ್ತೇನಿ, ಐತವಾರಕ್ಕೊಮ್ಮೆ ಬಂದು ಒಯ್ರಿ."

"ಯವ್ವಾ, ಅಷ್ಟಕ್ಕ ಯಾಕ ಹೋಗ್ತಿ?" ಎಂದರು ಯಜಮಾನರು. "ಚಪಾತಿ ಮಾಡಿದ್ರ ಆತು. ಸಪ್ಪಳ ಇಲ್ಲ, ಏನಿಲ್ಲ."

"ಚಪಾತಿ ನೀವು ತಿನ್ರಿ. ನಂಗ ಅದು ಹಬ್ಬಕ್ಕ ಅಷ್ಟ ಒಗ್ಗತೈತಿ." ಅವರು ಚೀಲದ ಬಾಯಿ ಬಿಗಿದರು. "ಇದು ಚಲೋ ಮನಿ. ಹುಡುಗಿ ಶಾಲಿ ಹತ್ರ ಐತಿ, ನಿಮ್ಮ ಕೆಲಸ ಹತ್ರ ಐತಿ. ನನ್ನ ಸಲುವಾಗಿ ಕಳಕೊಬ್ಯಾಡ್ರಿ."

"ಎರಡ ದಿನ ಹೋಗಿ ಬರ್ಲಿ ಬಿಡು" ಎಂದರು ಯಜಮಾನರು ನನಗೆ, ತಗ್ಗಿದ ದನಿಯಲ್ಲಿ. ಅವರೂ ಸೋತಿದ್ದರು. ವಿದ್ಯಾ ಪುಸ್ತಕದಿಂದ ತಲೆಯೆತ್ತಿ ಚೀಲವನ್ನು ನೋಡಿದಳು.

ಎರಡು ದಿನವಲ್ಲವೆಂದು ನನಗೆ ತಿಳಿದಿತ್ತು. ಅತ್ತೆ ಒಮ್ಮೆ ಇಳಿದರೆ ಮತ್ತೆ ಆ ಮೆಟ್ಟಿಲು ಹತ್ತುವವರಲ್ಲ. ಹಾಗಾದರೆ ನಾವು ಗಳಿಸಿದ್ದೇನು? ಮಗಳು ನಮ್ಮ ಮುಖ ಕಾಣಲೆಂದು ಈ ಮನೆಗೆ ಬಂದೆವು. ಈಗ ಅಜ್ಜಿಯ ಮುಖ ಕಾಣಲು ಅವಳು ಭಾನುವಾರದವರೆಗೆ ಕಾಯಬೇಕು. ಸಂಸಾರಸ್ಥರಿಗಷ್ಟೇ ಜಾಗ ಎಂದವರು, ಜಾಗ ಉಳಿಯಬೇಕಾದರೆ ಸಂಸಾರವನ್ನು ಕತ್ತರಿಸಿ ತನ್ನಿ ಎನ್ನುತ್ತಿದ್ದರು. ಇಡೀ ಬಡಾವಣೆಯಲ್ಲಿ ಇದನ್ನು ವಿಚಿತ್ರವೆಂದು ಕಂಡವರು ಒಬ್ಬ ಶಿಕ್ಷಕಿ. ಮಾಪುಸಾದ ಮಾಲೀಕರಿಗೆ ಪಣಜಿಯಿಂದ ಫೋನು ಮಾಡಬಹುದಿತ್ತು, ಆದರೆ ಅವರ ಉತ್ತರ ನನಗೆ ಗೊತ್ತಿತ್ತು: ಸೇತುವೆ ಏಳುವವರೆಗೆ ನೀವು ಖಾಲಿ ಮಾಡಬೇಡಿ, ಉಳಿದದ್ದು ನಿಮ್ಮ ನಿಮ್ಮೊಳಗೆ.

ಮರುದಿನ ನಸುಕಿನಲ್ಲಿ ನಾನು ಎಲ್ಲರಿಗಿಂತ ಮೊದಲು ಎದ್ದೆ. ಬಾಗಿಲ ಬಳಿಯ ಚೀಲ ಬಿಚ್ಚಿ ಹಲಗೆಯನ್ನು ಹೊರತೆಗೆದೆ. ನೀರು ಕಾಯಿಸಿ ಹಿಟ್ಟು ನಾದಿದೆ. ನಾನು ಓದಿದ ಹುಡುಗಿ, ಟೈಪು ಕಲಿತವಳು; ರೊಟ್ಟಿ ನನಗೆ ಎಂದೂ ಒಲಿದದ್ದಲ್ಲ. ಉಂಡೆಯ ಮೇಲೆ ಅಂಗೈ ಹಾಕಿ ಬಡಿಯತೊಡಗಿದೆ. ಬಾರದ ಕೈಯ ಬಡಿತ ಬರುವ ಕೈಯದಕ್ಕಿಂತ ದೊಡ್ಡದು ಎಂದು ಅಂದು ತಿಳಿಯಿತು. ಹಲಗೆ ಕಟ್ಟೆಯ ಮೇಲೆ ಕುಣಿಯುತ್ತಿತ್ತು. ಮೊದಲನೆಯದು ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದೆ. ಮತ್ತೆ ಹರಿಯಿತು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಹೊರಡಲೆಂದು ಮೈಮೇಲೆ ಇಳಕಲ್ ಸೀರೆ ಇತ್ತು.

"ಏನಿದು?"

"ರೊಟ್ಟಿ."

"ಇದಕ್ಕ ರೊಟ್ಟಿ ಅಂತಾರೇನು?" ಹತ್ತಿರ ಬಂದು ನೋಡಿದರು. "ಗೋವಾದ ನಕಾಶಿ ಮಾಡಿದಿ. ಅಂಗೈ ಸಡ್ಲ ಬಿಡು. ಅಂಚಿಗೆ ಬಡಿ, ನಡಕ ಅಲ್ಲ. ಕೈಗೆ ಯಾರ ಮ್ಯಾಲಿನ ಸಿಟ್ಟೋ ತುಂಬೇತಿ, ಅದಕ್ಕ ಹರ್ಯಾಕತ್ತೇತಿ."

ಮೂರನೆಯದೂ ಹರಿಯಿತು. ಅತ್ತೆ ಗೋಡೆಯತ್ತ, ಬಾಗಿಲ ಬಳಿಯ ಚೀಲದತ್ತ, ಮತ್ತೆ ಹಲಗೆಯತ್ತ ನೋಡಿದರು. ನಾನು ಬಡಿಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅವರು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡರು.

"ಸರಿ ಆಚಿಗೆ. ಇಂಥಾ ರೊಟ್ಟಿ ಕಟಗೊಂಡು ನದಿ ದಾಟಿದ್ರ ನನ್ನ ಮರ್ಯಾದಿ ಏನ್ ಉಳೀತೈತಿ?"

ಹಿಟ್ಟು ಅವರ ಕೈಗೆ ಹೋದೊಡನೆ ಹಲಗೆ ಕುಣಿಯುವುದನ್ನು ನಿಲ್ಲಿಸಿತು. ಸಪ್ಪಳ ಒಂದು ಲಯಕ್ಕೆ ಬಂತು. ನಾನು ಹಂಚಿನ ಹತ್ತಿರ ನಿಂತೆ. ಆಗ ಕೆಳಗಿನಿಂದ ಕೇಳಿಸಿತು, ಕೋಲಿನಿಂದ ಛಾವಣಿಗೆ ಕುಟ್ಟುವ ಸದ್ದು. ಒಂದು ಸಲ, ಬಿಟ್ಟು ಮತ್ತೆರಡು ಸಲ, ಸಿಟ್ಟಿನಿಂದ, ಅಡ್ಡಾದಿಡ್ಡಿ. ನಾನು ಅತ್ತೆಯ ಮುಖ ನೋಡಿದೆ. ಅವರು ಕೈ ನಿಲ್ಲಿಸದೆ, ಒಂದು ಗಳಿಗೆ ಕಿವಿಗೊಟ್ಟು ಕೇಳಿದರು.

"ತಾಳ ತಪ್ಪಾಕತ್ತಾನ" ಎಂದರು. "ಪಾಪ, ಊರ ಬಿಟ್ಟು ಭಾಳ ದಿನ ಆಗಿರಬೇಕು."